ಭಾರಕ್ಕೆ ಬದಲು ರೇಖಾಗಣಿತ: ಟ್ರ್ಯಾಕ್ಟರಿನ ಮೂರು ತೋಳುಗಳ ಚರಿತ್ರೆ



ಟ್ರ್ಯಾಕ್ಟರಿನ ಹಿಂಬದಿಗೆ ಹೋಗಿ ನಿಂತರೆ ಕಬ್ಬಿಣದ ಮೂರು ತೋಳುಗಳು ಕಾಣಿಸುತ್ತವೆ. ಕೆಳಗೆ ಎಡಕ್ಕೊಂದು, ಬಲಕ್ಕೊಂದು. ಅವೆರಡರ ನಡುವೆ, ತುಸು ಮೇಲೆ, ಮೂರನೆಯದು. ನೇಗಿಲಾಗಲಿ, ಕಲ್ಟಿವೇಟರ್ ಆಗಲಿ, ರೋಟವೇಟರ್ ಆಗಲಿ, ಬಿತ್ತನೆಯ ಕೂರಿಗೆಯಾಗಲಿ, ಎಲ್ಲವೂ ಬಂದು ಸೇರುವುದು ಈ ಮೂರು ತೋಳುಗಳಿಗೇ. ಇದನ್ನು ತ್ರೀ ಪಾಯಿಂಟ್ ಲಿಂಕೇಜ್ ಎಂದು ಕರೆಯುತ್ತಾರೆ. ಕೆಳಗಿನ ಎರಡಕ್ಕೆ ಲೋವರ್ ಲಿಂಕ್ ಎಂದೂ, ಮೇಲಿನದಕ್ಕೆ ಟಾಪ್ ಲಿಂಕ್ ಎಂದೂ ಹೆಸರು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ತಯಾರಾದ ಕೃಷಿ ಟ್ರ್ಯಾಕ್ಟರನ್ನು ನೋಡಿದರೂ ಸಾಮಾನ್ಯವಾಗಿ ಇದೇ ವ್ಯವಸ್ಥೆ ಇರುತ್ತದೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ತೆಂಗು, ಅಡಿಕೆಯ ಸಾಲುಗಳ ನಡುವೆ ಓಡಾಡಬಲ್ಲ ಸಣ್ಣ ಟ್ರ್ಯಾಕ್ಟರುಗಳನ್ನು ಕೊಂಡಿದ್ದಾರೆ. ಅವರೊಡನೆ ಮಾತಿಗೆ ಕುಳಿತಾಗಲೆಲ್ಲ ಎಂಜಿನ್ನಿನ ಅಶ್ವಶಕ್ತಿಯ ಚರ್ಚೆಯಾಗುತ್ತದೆ, ಡೀಸೆಲ್ಲಿನ ಬೆಲೆಯ ಚರ್ಚೆಯಾಗುತ್ತದೆ. ಈ ಮೂರು ತೋಳುಗಳ ಪ್ರಸ್ತಾಪ ಮಾತ್ರ ಬರುವುದಿಲ್ಲ. ಆದರೆ ಸಣ್ಣ ಟ್ರ್ಯಾಕ್ಟರ್ ಎಂಬ ಯಂತ್ರ ಸಾಧ್ಯವಾದದ್ದೇ ಇವುಗಳಿಂದ. ಆ ಚರಿತ್ರೆಯನ್ನು ತಿಳಿದವನಿಗೆ ಇವುಗಳನ್ನು ಹೊಂದಿಸುವ ಕ್ರಮವೂ ತಾನಾಗಿ ತಿಳಿಯುತ್ತದೆ ಎಂಬುದು ನನ್ನ ನಂಬಿಕೆ.

ನೊಗ, ಈಸು ಮತ್ತು ಮಿಣಿ

ಮೊದಲು ನಮ್ಮ ಮರದ ನೇಗಿಲನ್ನೇ ನೆನೆಯೋಣ. ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಒಂದು ಜೊತೆ ಎತ್ತುಗಳಿದ್ದವು. ಉಳುಮೆಗೆ ಹೊರಡುವ ಮುನ್ನ ತಂದೆಯವರು ಈಸಿನ ತುದಿಯಲ್ಲಿ ಮಿಣಿಯನ್ನು ಬಿಗಿಯುವ ಜಾಗವನ್ನು ನೋಡಿ ನೋಡಿ ಕಟ್ಟುತ್ತಿದ್ದರು. ಮಳೆ ಬಿದ್ದು ಹದವಾದ ನೆಲಕ್ಕೆ ಒಂದು ಕಚ್ಚು, ಒಣಗಿದ ನೆಲಕ್ಕೆ ಇನ್ನೊಂದು. ಎತ್ತುಗಳ ಎತ್ತರ ಬದಲಾದರೂ ಕಟ್ಟು ಬದಲಾಗುತ್ತಿತ್ತು. ನೊಗಕ್ಕೂ ಕುಳಕ್ಕೂ ಇರುವ ದೂರವನ್ನು ಬದಲಿಸಿದರೆ ಕುಳವು ನೆಲವನ್ನು ಕಚ್ಚುವ ಕೋನ ಬದಲಾಗುತ್ತದೆ. ಕೋನ ಬದಲಾದರೆ ಆಳ ಬದಲಾಗುತ್ತದೆ. ಇದನ್ನು ಅವರಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ. ಉಳುವಾಗ ಮೇಳಿಯ ಮೇಲಿನ ಕೈ ಮಣ್ಣಿನ ಬಿಗುವನ್ನು ಗ್ರಹಿಸುತ್ತಿತ್ತು. ಬಿಗುವು ಹೆಚ್ಚಾದಾಗ ಕೈ ತಾನಾಗಿಯೇ ನೇಗಿಲನ್ನು ತುಸು ಎತ್ತುತ್ತಿತ್ತು.

ಈ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಒಂದು, ಎಳೆಯುವ ರೇಖೆಯನ್ನು ಬದಲಿಸಿ ಆಳವನ್ನು ನಿಶ್ಚಯಿಸುವುದು. ಎರಡು, ಮಣ್ಣಿನ ಬಿಗುವನ್ನು ಗ್ರಹಿಸಿ ನೇಗಿಲನ್ನು ಎತ್ತುವುದು. ಟ್ರ್ಯಾಕ್ಟರ್ ಬಂದ ಹೊಸತರಲ್ಲಿ ಈ ಎರಡೂ ಕಳೆದುಹೋದವು.

ಹಿಮ್ಮುಖವಾಗಿ ಮಗುಚುತ್ತಿದ್ದ ಯಂತ್ರ

ಇಪ್ಪತ್ತನೆಯ ಶತಮಾನದ ಆರಂಭದ ಟ್ರ್ಯಾಕ್ಟರುಗಳು ನೇಗಿಲನ್ನು ಬಂಡಿಯಂತೆ ಸರಪಳಿಯಿಂದಲೋ ಕಬ್ಬಿಣದ ದಂಡದಿಂದಲೋ ಹಿಂದೆ ಕಟ್ಟಿಕೊಂಡು ಎಳೆಯುತ್ತಿದ್ದವು. ನೇಗಿಲಿಗೆ ಅದರದೇ ಚಕ್ರಗಳು, ಅದರದೇ ಸನ್ನೆಗೋಲುಗಳು. ಟ್ರ್ಯಾಕ್ಟರಿನ ಚಕ್ರ ಜಾರದಿರಬೇಕಾದರೆ ಯಂತ್ರವೇ ಭಾರವಾಗಿರಬೇಕಿತ್ತು. ಭಾರವಾದಷ್ಟೂ ಬೆಲೆ ಹೆಚ್ಚು, ಇಂಧನ ಹೆಚ್ಚು, ಮಣ್ಣನ್ನು ತುಳಿದು ಗಟ್ಟಿಮಾಡುವ ಹಾನಿಯೂ ಹೆಚ್ಚು.

1917ರಲ್ಲಿ ಹೆನ್ರಿ ಫೋರ್ಡ್ ಅಗ್ಗದ ಫೋರ್ಡ್‌ಸನ್ ಟ್ರ್ಯಾಕ್ಟರನ್ನು ತಯಾರಿಸತೊಡಗಿದರು. ಅದು ಆ ಕಾಲದ ದೈತ್ಯ ಯಂತ್ರಗಳಿಗಿಂತ ಹಗುರವಾಗಿದ್ದು ಲಕ್ಷಗಟ್ಟಲೆ ಮಾರಾಟವಾಯಿತು. ಆದರೆ ಅದಕ್ಕೊಂದು ಭಯಂಕರ ದೋಷವಿತ್ತು. ನೆಲದೊಳಗಿನ ಬಂಡೆಗೋ ಬೇರಿಗೋ ನೇಗಿಲು ಸಿಕ್ಕಿಕೊಂಡಾಗ ಹಿಂದಿನ ಚಕ್ರಗಳು ಮುಂದೆ ಸಾಗಲಾರವು. ಎಂಜಿನ್ನಿನ ತಿರುಚುಬಲವೋ ಎಲ್ಲಿಯಾದರೂ ವ್ಯಯವಾಗಲೇಬೇಕು. ಆಗ ಅದು ಹಿಂದಿನ ಅಚ್ಚನ್ನು ಆಧಾರವಾಗಿಸಿಕೊಂಡು ಟ್ರ್ಯಾಕ್ಟರಿನ ಮೂತಿಯನ್ನೇ ಮೇಲಕ್ಕೆತ್ತುತ್ತಿತ್ತು. ಕಣ್ಣುಮುಚ್ಚಿ ತೆರೆಯುವುದರೊಳಗೆ ಯಂತ್ರವು ಹಿಮ್ಮುಖವಾಗಿ ಚಾಲಕನ ಮೇಲೆ ಮಗುಚಿ ಬೀಳುತ್ತಿತ್ತು. ಹೀಗೆ ಪ್ರಾಣ ಕಳೆದುಕೊಂಡವರು ಅನೇಕರು.

ಬೆಲ್‌ಫಾಸ್ಟಿನ ಕಾರ್ಯಾಗಾರ

ಈ ದೋಷಕ್ಕೆ ಪರಿಹಾರ ಹುಡುಕಿದವರು ಹ್ಯಾರಿ ಫರ್ಗ್ಯೂಸನ್. ಅವರು 1884ರ ನವೆಂಬರ್ 4ರಂದು ಐರ್ಲೆಂಡಿನ ಉತ್ತರ ಭಾಗದ ಡೌನ್ ಕೌಂಟಿಯಲ್ಲಿ, ಒಂದು ರೈತ ಕುಟುಂಬದಲ್ಲಿ ಜನಿಸಿದರು. ಹೊಲದ ದುಡಿಮೆ ರುಚಿಸದೆ ಬೆಲ್‌ಫಾಸ್ಟ್ ನಗರದಲ್ಲಿ ಸಹೋದರನ ಮೋಟಾರು ದುರಸ್ತಿ ಅಂಗಡಿಗೆ ಸೇರಿದರು. ಸ್ವತಃ ನಿರ್ಮಿಸಿದ ವಿಮಾನದಲ್ಲಿ 1909ರ ಡಿಸೆಂಬರ್ 31ರಂದು ಹಾರಿ, ಐರ್ಲೆಂಡಿನಲ್ಲಿ ವಿಮಾನ ಹಾರಿಸಿದ ಮೊದಲಿಗರೆನಿಸಿಕೊಂಡರು. ಹೊಲವನ್ನು ತೊರೆದು ಆಕಾಶಕ್ಕೇರಿದ ಈ ಮನುಷ್ಯನನ್ನು ಮೊದಲನೆಯ ಮಹಾಯುದ್ಧವು ಪುನಃ ಹೊಲಕ್ಕೆ ಕರೆತಂದಿತು. ಯುದ್ಧಕಾಲದ ಆಹಾರದ ಅಭಾವವನ್ನು ನೀಗಿಸಲು 1917ರಲ್ಲಿ ಐರ್ಲೆಂಡಿನ ಕೃಷಿ ಇಲಾಖೆಯು ಟ್ರ್ಯಾಕ್ಟರುಗಳ ಕಾರ್ಯಕ್ಷಮತೆಯನ್ನು ಸುಧಾರಿಸುವ ಹೊಣೆಯನ್ನು ಅವರಿಗೆ ವಹಿಸಿತು. ಊರೂರು ಸುತ್ತಿ ರೈತರ ಉಳುಮೆಯನ್ನು ಕಂಡ ಮೇಲೆ ಅವರಿಗೆ ಒಂದು ವಿಷಯ ಮನದಟ್ಟಾಯಿತು: ಟ್ರ್ಯಾಕ್ಟರನ್ನೂ ನೇಗಿಲನ್ನೂ ಬೇರೆ ಬೇರೆಯಾಗಿ ಸುಧಾರಿಸಿ ಫಲವಿಲ್ಲ, ಎರಡೂ ಸೇರಿ ಒಂದೇ ಯಂತ್ರವಾಗಬೇಕು.

ಈ ಕೆಲಸದಲ್ಲಿ ಅವರ ಬಲಗೈಯಾಗಿದ್ದವರು ವಿಲ್ಲಿ ಸ್ಯಾಂಡ್ಸ್ ಎಂಬ ಕುಶಲ ತಂತ್ರಜ್ಞ. ಆರ್ಚೀ ಗ್ರಿಯರ್ ಇನ್ನೊಬ್ಬರು. ಹೆಸರು ಮಾಲೀಕನದಾಯಿತು, ಆದರೆ ಕಬ್ಬಿಣದೊಡನೆ ಹಗಲಿರುಳು ಗುದ್ದಾಡಿದವರಲ್ಲಿ ಇವರೂ ಇದ್ದರು ಎಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಮರೆಯಬಾರದು. ಹಲವು ಪ್ರಯೋಗಗಳ ಬಳಿಕ, ಮಣ್ಣಿನ ಬಿಗುವಿಗೆ ತಕ್ಕಂತೆ ನೇಗಿಲಿನ ಆಳವನ್ನು ಹೈಡ್ರಾಲಿಕ್ ಒತ್ತಡದಿಂದ ನಿಯಂತ್ರಿಸುವ ತತ್ತ್ವಕ್ಕೆ 1926ರಲ್ಲಿ ಪೇಟೆಂಟ್ ದೊರೆಯಿತು. ಈ ತತ್ತ್ವವನ್ನೂ ಮೂರು ತೋಳುಗಳನ್ನೂ ಕೂಡಿಸಿದ ಅವರದೇ ಟ್ರ್ಯಾಕ್ಟರ್ 1933ರಲ್ಲಿ ಸಿದ್ಧವಾಯಿತು. ಕಪ್ಪು ಬಣ್ಣ ಬಳಿದಿದ್ದ ಅದಕ್ಕೆ "ಬ್ಲ್ಯಾಕ್ ಟ್ರ್ಯಾಕ್ಟರ್" ಎಂದೇ ಹೆಸರು ನಿಂತಿತು. 1936ರಿಂದ ಇಂಗ್ಲೆಂಡಿನ ಡೇವಿಡ್ ಬ್ರೌನ್ ಅವರ ಸಹಯೋಗದಲ್ಲಿ ಮಾರಾಟಕ್ಕೆ ಬಂದ ಯಂತ್ರವೂ ಸುಮಾರು 20 ಅಶ್ವಶಕ್ತಿಯದೇ. ಇಂದು ನಾವು ಸಣ್ಣ ಟ್ರ್ಯಾಕ್ಟರ್ ಎನ್ನುವ ವರ್ಗಕ್ಕೆ ಅದು ಮೂಲಪುರುಷ.

ಮೂರು ತೋಳುಗಳು ಮಾಡುವ ಕೆಲಸ

ತರಗತಿಯಲ್ಲಿ ನಾನು ಸನ್ನೆಗೋಲಿನ ಪಾಠ ಮಾಡುತ್ತಿದ್ದುದು ನಿಮಗೆ ನೆನಪಿರಬಹುದು. ಇಲ್ಲಿಯೂ ಅದೇ ಪಾಠ. ನೇಗಿಲು ಮಣ್ಣನ್ನು ಸೀಳುವಾಗ ಕೆಳಗಿನ ಎರಡು ತೋಳುಗಳು ಅದನ್ನು ಎಳೆಯುತ್ತವೆ. ಕುಳವನ್ನು ಮಣ್ಣು ಹಿಂದಕ್ಕೆ ತಡೆಯುವುದರಿಂದ ನೇಗಿಲಿನ ಚೌಕಟ್ಟಿನ ಮೇಲ್ಭಾಗವು ಮುಂದಕ್ಕೆ ವಾಲಲು ಯತ್ನಿಸುತ್ತದೆ. ಆಗ ಅದು ಟಾಪ್ ಲಿಂಕನ್ನು ಮುಂದಕ್ಕೆ ಒತ್ತುತ್ತದೆ. ಟಾಪ್ ಲಿಂಕ್ ಹಿಂದಿನ ಅಚ್ಚಿಗಿಂತ ಮೇಲೆ ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತುತ್ತದೆ. ಯಾವ ಎಳೆತವು ಫೋರ್ಡ್‌ಸನ್ನಿನ ಮೂತಿಯನ್ನು ಮೇಲಕ್ಕೆತ್ತುತ್ತಿತ್ತೋ, ಅದೇ ಎಳೆತ ಇಲ್ಲಿ ಮೂತಿಯನ್ನು ನೆಲಕ್ಕೆ ಒತ್ತಿಹಿಡಿಯಲು ನೆರವಾಗುತ್ತದೆ. ನೇಗಿಲಿನ ತೂಕವೂ, ಅದರ ಮೇಲೆ ಬೀಳುವ ಮಣ್ಣಿನ ಒತ್ತಡವೂ ಹಿಂದಿನ ಚಕ್ರಗಳಿಗೆ ವರ್ಗವಾಗಿ ಹಿಡಿತ ಹೆಚ್ಚುತ್ತದೆ. ಪಕ್ಕದಿಂದ ನೋಡಿ ಮೇಲಿನ ಮತ್ತು ಕೆಳಗಿನ ತೋಳುಗಳ ರೇಖೆಗಳನ್ನು ಮುಂದಕ್ಕೆ ಬೆಳೆಸಿದರೆ ಅವು ಟ್ರ್ಯಾಕ್ಟರಿನ ಮುಂಭಾಗದಲ್ಲಿ ಎಲ್ಲಿಯೋ ಒಂದು ಬಿಂದುವಿನಲ್ಲಿ ಕೂಡುತ್ತವೆ. ಹಿಂಬದಿಗೆ ಕಟ್ಟಿದ ನೇಗಿಲು ಆ ಕಾಣದ ಬಿಂದುವಿನಿಂದ ಎಳೆಯಲ್ಪಟ್ಟಂತೆ ವರ್ತಿಸುತ್ತದೆ.

ಇನ್ನೊಂದು ಜಾಣ್ಮೆಯೂ ಇದೆ. ಟಾಪ್ ಲಿಂಕಿನ ಒತ್ತಡವು ಒಂದು ಸ್ಪ್ರಿಂಗನ್ನು ಅದುಮುತ್ತದೆ. ಸ್ಪ್ರಿಂಗು ಹೈಡ್ರಾಲಿಕ್ ಎಣ್ಣೆಯ ಕವಾಟವನ್ನು ಚಾಲಿಸುತ್ತದೆ. ಮಣ್ಣು ಬಿಗಿಯಾದರೆ ನೇಗಿಲು ತಾನಾಗಿ ತುಸು ಮೇಲೇಳುತ್ತದೆ, ಸಡಿಲವಾದರೆ ಇಳಿಯುತ್ತದೆ. ಮೇಳಿ ಹಿಡಿದ ರೈತನ ಕೈ ಮಾಡುತ್ತಿದ್ದುದನ್ನು ಈಗ ಸ್ಪ್ರಿಂಗು ಮಾಡುತ್ತಿದೆ, ಅಷ್ಟೆ. ಇದಕ್ಕೆ ಡ್ರಾಫ್ಟ್ ಕಂಟ್ರೋಲ್ ಎಂದು ಹೆಸರು. ಒಟ್ಟಿನಲ್ಲಿ ಫರ್ಗ್ಯೂಸನ್ ಅವರ ಸಾಧನೆಯನ್ನು ಒಂದೇ ವಾಕ್ಯದಲ್ಲಿ ಹೇಳುವುದಾದರೆ, ಅವರು ಕಬ್ಬಿಣದ ಭಾರದಿಂದ ಆಗಬೇಕಿದ್ದ ಕೆಲಸವನ್ನು ರೇಖಾಗಣಿತದಿಂದ ಮಾಡಿಸಿದರು.

ಕೈಕುಲುಕಿನ ಒಪ್ಪಂದ

1938ರ ಅಕ್ಟೋಬರಿನಲ್ಲಿ ಫರ್ಗ್ಯೂಸನ್ ತಮ್ಮ ಯಂತ್ರವನ್ನು ಅಮೆರಿಕದ ಡಿಯರ್‌ಬಾರ್ನಿಗೆ ಸಾಗಿಸಿ ಹೆನ್ರಿ ಫೋರ್ಡರೆದುರು ಪ್ರದರ್ಶಿಸಿದರು. ಮೆಚ್ಚಿದ ಫೋರ್ಡ್ ಕೈಕುಲುಕಿದರು. ಟ್ರ್ಯಾಕ್ಟರನ್ನು ಫೋರ್ಡ್ ತಯಾರಿಸುವುದು, ಫರ್ಗ್ಯೂಸನ್ ಮಾರಾಟ ಮಾಡುವುದು. ಲಿಖಿತ ಕರಾರು ಇರಲಿಲ್ಲ. ಇಬ್ಬರು ಹಿರಿಯರ ಮಾತೇ ಪತ್ರ. 1939ರ ಜೂನಿನಲ್ಲಿ ಫೋರ್ಡ್ 9ಎನ್ ಎಂಬ ಟ್ರ್ಯಾಕ್ಟರ್ ಹೊರಬಂದಿತು. 1947ರವರೆಗೆ ಅದೂ ಅದರ ಯುದ್ಧಕಾಲದ ರೂಪವಾದ 2ಎನ್ ಸೇರಿ ಸುಮಾರು 3 ಲಕ್ಷ ಯಂತ್ರಗಳು ತಯಾರಾದವು.

ಆದರೆ ಮಾತು ಕೊಟ್ಟವರು ವೃದ್ಧರಾದರು. ಅಧಿಕಾರಕ್ಕೆ ಬಂದ ಮೊಮ್ಮಗ ಎರಡನೆಯ ಹೆನ್ರಿ ಫೋರ್ಡ್ ಈ ಏರ್ಪಾಡನ್ನು ಕೊನೆಗೊಳಿಸಿ, 1947ರಲ್ಲಿ ಅದೇ ಲಿಂಕೇಜನ್ನು ಹೊಂದಿದ 8ಎನ್ ಮಾದರಿಯನ್ನು ಸ್ವತಂತ್ರವಾಗಿ ಮಾರತೊಡಗಿದರು. ಫರ್ಗ್ಯೂಸನ್ 1948ರಲ್ಲಿ 25 ಕೋಟಿ ಡಾಲರಿಗೂ ಮಿಕ್ಕಿದ ಪರಿಹಾರ ಕೋರಿ ದಾವೆ ಹೂಡಿದರು. ನಾಲ್ಕು ವರ್ಷಗಳ ಬಳಿಕ, 1952ರಲ್ಲಿ, 92.5 ಲಕ್ಷ ಡಾಲರಿಗೆ ರಾಜಿಯಾಯಿತು. ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ಅಜಗಜಾಂತರ. ಅಷ್ಟರಲ್ಲಿ ಪೇಟೆಂಟುಗಳ ಅವಧಿ ಮುಗಿಯುತ್ತ ಬಂದಿತ್ತು. ಇತರ ತಯಾರಕರೂ ಈ ಮೂರು ತೋಳುಗಳನ್ನು ಅಳವಡಿಸಿಕೊಂಡರು. ಒಬ್ಬನ ಸ್ವತ್ತಾಗಿದ್ದುದು ಎಲ್ಲರ ಮಾನಕವಾಯಿತು. ಒಂದು ಕಂಪನಿಯ ನೇಗಿಲು ಇನ್ನೊಂದು ಕಂಪನಿಯ ಟ್ರ್ಯಾಕ್ಟರಿಗೆ ಹೊಂದುತ್ತದೆಯೆಂದರೆ ಅದರ ಹಿಂದೆ ಈ ಕಥೆಯಿದೆ.

ಇತ್ತ ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1946ರಿಂದ 1956ರವರೆಗೆ ಫರ್ಗ್ಯೂಸನ್ನರ ಬೂದುಬಣ್ಣದ ಟಿಇ20 ಟ್ರ್ಯಾಕ್ಟರುಗಳು 5 ಲಕ್ಷಕ್ಕೂ ಮಿಕ್ಕಿ ತಯಾರಾದವು. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ 1958ರ ಜನವರಿಯಲ್ಲಿ ದಕ್ಷಿಣ ಧ್ರುವವನ್ನು ತಲುಪಿದ್ದು ಮಾರ್ಪಡಿಸಿದ ಫರ್ಗ್ಯೂಸನ್ ಟ್ರ್ಯಾಕ್ಟರುಗಳಲ್ಲಿಯೇ. 1953ರಲ್ಲಿ ಫರ್ಗ್ಯೂಸನ್ ಸಂಸ್ಥೆಯು ಕೆನಡಾದ ಮ್ಯಾಸಿ-ಹ್ಯಾರಿಸ್ ಸಂಸ್ಥೆಯೊಡನೆ ಕೂಡಿಕೊಂಡಿತು. ಮುಂದೆ ಅದೇ ಮ್ಯಾಸಿ ಫರ್ಗ್ಯೂಸನ್ ಆಯಿತು. ಹ್ಯಾರಿ ಫರ್ಗ್ಯೂಸನ್ 1960ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅದೇ ವರ್ಷ ಮದರಾಸಿನಲ್ಲಿ ಮ್ಯಾಸಿ ಫರ್ಗ್ಯೂಸನ್ ಸಹಯೋಗದಿಂದ ಟಾಫೆ ಸಂಸ್ಥೆ ಸ್ಥಾಪನೆಯಾಯಿತು. ಹೀಗೆ ಅವರ ಹೆಸರು ದಕ್ಷಿಣ ಭಾರತದ ಹೊಲಗಳಿಗೂ ಬಂದಿತು. ನಮ್ಮ ಬೆಂಗಳೂರಿನ ವಿಎಸ್‌ಟಿ ಸಂಸ್ಥೆಯು ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಪವರ್ ಟಿಲ್ಲರುಗಳನ್ನೂ ಸಣ್ಣ ಟ್ರ್ಯಾಕ್ಟರುಗಳನ್ನೂ ತಯಾರಿಸಿದ ಸಂಗತಿ ನಿಮಗೆಲ್ಲ ತಿಳಿದದ್ದೇ.

ಚರಿತ್ರೆಯಿಂದ ಹೊಲಕ್ಕೆ

ಈಗ ಹೊಂದಾಣಿಕೆಯ ಮಾತು. ದೊಡ್ಡ ಟ್ರ್ಯಾಕ್ಟರಿಗೆ ಸ್ವಂತ ಭಾರದ ಬೆಂಬಲವಿದೆ. ಜೋಡಣೆ ತುಸು ತಪ್ಪಿದರೂ ಅದು ಬಲಪ್ರಯೋಗದಿಂದ ಎಳೆದುಕೊಂಡು ಹೋಗುತ್ತದೆ. ಸಣ್ಣ ಟ್ರ್ಯಾಕ್ಟರಿಗೆ ಆ ಅವಕಾಶ ಕಡಿಮೆ. ಅದರ ಬಲದ ಬಹುಭಾಗ ಇರುವುದು ಈ ತೋಳುಗಳ ರೇಖಾಗಣಿತದಲ್ಲಿ.

ಮೊದಲನೆಯದು ಗಾತ್ರ. ಲಿಂಕೇಜುಗಳನ್ನು ಕೆಟಗರಿ ಸೊನ್ನೆ, ಒಂದು, ಎರಡು ಎಂದು ವಿಂಗಡಿಸಿದ್ದಾರೆ. ಕೆಟಗರಿ ಒಂದರಲ್ಲಿ ಕೆಳಗಿನ ಪಿನ್ನುಗಳು 22 ಮಿಲಿಮೀಟರ್, ಮೇಲಿನ ಪಿನ್ನು 19 ಮಿಲಿಮೀಟರ್ ದಪ್ಪ. ದೊಡ್ಡ ತೂತಿಗೆ ಸಣ್ಣ ಪಿನ್ನು ತೂರಿಸಿ ಕೆಲಸ ಸಾಗಿಸುವ ಅಭ್ಯಾಸ ಹಲವರಿಗಿದೆ. ಅದರಿಂದ ಪಿನ್ನೂ ತೂತೂ ಸವೆಯುತ್ತವೆ. ತಕ್ಕ ಬುಷ್ ಹಾಕಿಕೊಳ್ಳಬೇಕು.

ಎರಡನೆಯದು ಜೋಡಿಸುವ ಕ್ರಮ. ಮೊದಲು ಎಡ ತೋಳು, ಅನಂತರ ಬಲ ತೋಳು, ಕೊನೆಗೆ ಟಾಪ್ ಲಿಂಕ್. ಬಿಚ್ಚುವಾಗ ಇದರ ವಿಲೋಮ. ಸಾಮಾನ್ಯವಾಗಿ ತಿರುಗಿಸಿ ಎತ್ತರ ಬದಲಿಸುವ ಲೆವೆಲಿಂಗ್ ಹಿಡಿಕೆಯಿರುವುದು ಬಲಗಡೆಯ ಲಿಫ್ಟ್ ರಾಡಿಗೆ. ಆದ್ದರಿಂದಲೇ ಎಡ ತೋಳನ್ನು ಮೊದಲು ಸೇರಿಸಿ ಬಲವನ್ನು ಅದಕ್ಕೆ ಹೊಂದಿಸಿಕೊಳ್ಳುವುದು.

ಮೂರನೆಯದು ಅಡ್ಡ ಮಟ್ಟ. ಮಣ್ಣು ಮಗುಚುವ ಎಂ.ಬಿ. ನೇಗಿಲಿನಲ್ಲಿ ಉಳುವಾಗ ಬಲಗಡೆಯ ಚಕ್ರಗಳು ಹಿಂದಿನ ಸಾಲಿನೊಳಗೆ ಇಳಿದು ನಡೆಯುತ್ತವೆ. ಟ್ರ್ಯಾಕ್ಟರ್ ಬಲಕ್ಕೆ ವಾಲುತ್ತದೆ. ನೇಗಿಲು ಮಾತ್ರ ನೆಲಕ್ಕೆ ಸಮನಾಗಿರಬೇಕು. ಅದಕ್ಕಾಗಿ ಬಲಗಡೆಯ ಲಿಫ್ಟ್ ರಾಡನ್ನು ಮೋಟುಗೊಳಿಸಬೇಕು. ಕಲ್ಟಿವೇಟರ್, ರೋಟವೇಟರ್, ಕೂರಿಗೆಗಳಲ್ಲಿ ಎರಡೂ ಚಕ್ರ ಒಂದೇ ಮಟ್ಟದಲ್ಲಿ ನಡೆಯುವುದರಿಂದ ಎರಡು ರಾಡುಗಳೂ ಸಮನಾಗಿರಬೇಕು. ನೇಗಿಲಿನ ಕೆಲಸ ಮುಗಿಸಿ ಹಾಗೆಯೇ ಕೂರಿಗೆ ಕಟ್ಟಿದರೆ ಒಂದು ಪಕ್ಕದ ಬೀಜ ಆಳಕ್ಕೆ, ಇನ್ನೊಂದು ಪಕ್ಕದ್ದು ಮೇಲಕ್ಕೆ ಬಿದ್ದು ಮೊಳಕೆ ಏರುಪೇರಾಗುತ್ತದೆ.

ನಾಲ್ಕನೆಯದು ಟಾಪ್ ಲಿಂಕಿನ ಉದ್ದ. ನಮ್ಮ ಹಿರಿಯರು ಮಿಣಿಯ ಕಟ್ಟಿನಿಂದ ಸಾಧಿಸುತ್ತಿದ್ದುದು ಇದನ್ನೇ. ಮೋಟು ಮಾಡಿದರೆ ಕುಳದ ಮೂತಿ ಬಾಗಿ ಬೇಗನೆ ನೆಲ ಕಚ್ಚುತ್ತದೆ. ಉದ್ದ ಮಾಡಿದರೆ ಮೂತಿ ಎದ್ದು ನೇಗಿಲು ಮೇಲೆ ತೇಲುತ್ತದೆ. ಉಳುವ ಆಳಕ್ಕೆ ಇಳಿದ ಮೇಲೆ ಪಕ್ಕದಿಂದ ನೋಡಿದರೆ ಚೌಕಟ್ಟು ನೆಲಕ್ಕೆ ಸಮಾಂತರವಾಗಿರಬೇಕು. ರೋಟವೇಟರಿನಲ್ಲಿ ಇನ್ನೊಂದು ಎಚ್ಚರವಿದೆ. ಎಂಜಿನ್ನಿನ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಪಿ.ಟಿ.ಓ. ಶಾಫ್ಟಿನ ಎರಡು ಕೀಲುಗಳ ಕೋನ ಹೆಚ್ಚು ಕಡಿಮೆ ಸಮವಾಗಿರುವಂತೆ ಟಾಪ್ ಲಿಂಕನ್ನು ಹೊಂದಿಸಬೇಕು. ಇಲ್ಲವಾದರೆ ನಡುಕ ಹುಟ್ಟಿ ಕೀಲುಗಳು ಬೇಗ ಹಾಳಾಗುತ್ತವೆ.

ಐದನೆಯದು ಚೆಕ್ ಚೈನು. ನೇಗಿಲಿಗೆ ತುಸು ಸಡಿಲವಿರಲಿ. ತನ್ನ ಸಾಲನ್ನು ತಾನೇ ಹುಡುಕಿಕೊಳ್ಳಲು ಅದಕ್ಕೆ ಅಷ್ಟು ಸ್ವಾತಂತ್ರ್ಯ ಬೇಕು. ರೋಟವೇಟರ್, ಕೂರಿಗೆ, ಸಿಂಪರಣೆಯ ಯಂತ್ರಗಳಿಗೆ ಬಿಗಿಯಾಗಿರಬೇಕು. ಅವು ಅತ್ತಿತ್ತ ಓಲಾಡಬಾರದು.

ಆರನೆಯದು ಸನ್ನೆಗೋಲು. ಮಣ್ಣು ಸೀಳುವ ನೇಗಿಲು, ಕಲ್ಟಿವೇಟರುಗಳಿಗೆ ಡ್ರಾಫ್ಟ್ ಕಂಟ್ರೋಲ್. ಒಂದೇ ಎತ್ತರದಲ್ಲಿ ನಿಲ್ಲಬೇಕಾದ ಸಿಂಪರಣೆಯ ಯಂತ್ರ, ಗುಂಡಿ ತೋಡುವ ಯಂತ್ರಗಳಿಗೆ ಪೊಸಿಷನ್ ಕಂಟ್ರೋಲ್. ಕೆಲವು ಸಣ್ಣ ಟ್ರ್ಯಾಕ್ಟರುಗಳಲ್ಲಿ ಪೊಸಿಷನ್ ಕಂಟ್ರೋಲ್ ಮಾತ್ರ ಇರುತ್ತದೆ. ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳುವುದು ಜಾಣತನ.

ಒಮ್ಮೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಹೊಲಕ್ಕೆ ಹೋಗಿದ್ದೆ. ಸಾಲ ಮಾಡಿ ಸಣ್ಣ ಟ್ರ್ಯಾಕ್ಟರ್ ಕೊಂಡು ವರ್ಷವೂ ತುಂಬಿರಲಿಲ್ಲ. "ಗಾಡಿಗೆ ಶಕ್ತಿ ಸಾಲದು ಸಾರ್. ಚಕ್ರ ಸುತ್ತುತ್ತೆ, ಸ್ಟೇರಿಂಗು ಒಂದು ಕಡೆಗೇ ಎಳೆಯುತ್ತೆ. ಕೊಟ್ಟುಬಿಟ್ಟು ದೊಡ್ಡದು ತಗೋಬೇಕು ಅಂತಿದೀನಿ" ಎಂದ. ಮೊದಲಿನ ಸಾಲದ ಕಂತುಗಳೇ ಬಾಕಿಯಿರುವಾಗ ಎರಡನೆಯ ಸಾಲದ ಮಾತು. "ಮೊದಲು ಕೆಳಗಿಳಿದು ಹಿಂದಕ್ಕೆ ಬಾರಪ್ಪ, ನೇಗಿಲು ನೋಡೋಣ" ಎಂದೆ. ಯಂತ್ರದೊಡನೆ ಬಂದ ಕೈಪಿಡಿಯನ್ನು ಬಿಡಿಸಿಟ್ಟುಕೊಂಡು ಇಬ್ಬರೂ ನೋಡಿದೆವು. ಬಲಗಡೆಯ ಚಕ್ರ ಸಾಲಿನೊಳಗಿದ್ದರೂ ಎರಡು ರಾಡುಗಳೂ ಸಮನಾಗಿದ್ದವು. ಟಾಪ್ ಲಿಂಕನ್ನು ವಿಪರೀತ ಮೋಟು ಮಾಡಲಾಗಿತ್ತು. ಚೈನುಗಳು ವೀಣೆಯ ತಂತಿಯಂತೆ ಬಿಗಿದಿದ್ದವು. ಒಂದೊಂದನ್ನೇ ಸರಿಪಡಿಸಿ, ನಾಲ್ಕು ಮಾರು ಉತ್ತು, ಇಳಿದು ನೋಡಿ, ಮತ್ತೆ ತಿರುಗಿಸಿ, ಅರ್ಧ ಗಂಟೆಯಲ್ಲಿ ನೇಗಿಲು ಹದಕ್ಕೆ ಬಂದಿತು. ಅದೇ ಎಂಜಿನ್ನು, ಅದೇ ಹೊಲ; ಚಕ್ರ ಸುತ್ತುವುದು ನಿಂತಿತು. ದೊಡ್ಡ ಟ್ರ್ಯಾಕ್ಟರಿನ ಮಾತನ್ನು ಅವನು ಮುಂದೆ ಎತ್ತಲಿಲ್ಲ.

ಎಚ್ಚರದ ಮಾತು

ಕೊನೆಯದಾಗಿ, ಹಿರಿಯನಾಗಿ ಒಂದು ಕಟ್ಟಪ್ಪಣೆ. ಮರದ ದಿಮ್ಮಿಯನ್ನೋ ಕೆಸರಿನಲ್ಲಿ ಹೂತ ಗಾಡಿಯನ್ನೋ ಎಳೆಯುವಾಗ ಸರಪಳಿಯನ್ನು ಟಾಪ್ ಲಿಂಕಿನ ಜಾಗಕ್ಕಾಗಲಿ, ಹಿಂದಿನ ಅಚ್ಚಿಗಾಗಲಿ ಎಂದಿಗೂ ಕಟ್ಟಬೇಡಿ. ಹಾಗೆ ಕಟ್ಟಿದರೆ ಮೂರು ತೋಳುಗಳು ನೀಡಿದ ರಕ್ಷಣೆ ಇಲ್ಲವಾಗಿ, ನೂರು ವರ್ಷಗಳ ಹಿಂದಿನ ಫೋರ್ಡ್‌ಸನ್ನಿನ ಸ್ಥಿತಿಗೆ ನಿಮ್ಮ ಹೊಸ ಟ್ರ್ಯಾಕ್ಟರ್ ಮರಳುತ್ತದೆ. ಮೂತಿ ಎದ್ದರೆ ಧುಮುಕಲು ಸಮಯವಿರುವುದಿಲ್ಲ. ಎಳೆಯುವುದೇನಿದ್ದರೂ ಅಚ್ಚಿಗಿಂತ ಕೆಳಗಿರುವ ಡ್ರಾಬಾರಿನಿಂದ. ಭಾರವಾದ ಉಪಕರಣವನ್ನು ಎತ್ತಿಕೊಂಡು ಹೋಗುವಾಗ ಮುಂಭಾಗ ಹಗುರವಾಗುತ್ತದೆ, ಸ್ಟೇರಿಂಗು ಹಿಡಿತಕ್ಕೆ ಸಿಗುವುದಿಲ್ಲ. ಮುಂದೆ ತೂಕದ ಬಿಲ್ಲೆಗಳನ್ನು ಕೂಡಿಸಿಕೊಳ್ಳಿ. ಎತ್ತಿ ನಿಲ್ಲಿಸಿದ ಉಪಕರಣದ ಕೆಳಗೆ ಕೈಯಿಡಬೇಡಿ. ಇಳಿಯುವ ಮುನ್ನ ಅದನ್ನು ನೆಲಕ್ಕಿಳಿಸಿ ಎಂಜಿನ್ ನಿಲ್ಲಿಸಿ. ತಿರುಗುವ ಪಿ.ಟಿ.ಓ. ಶಾಫ್ಟಿನ ಬಳಿ ಪಂಚೆ, ಟವೆಲ್ಲು, ಸೆರಗು ಸುಳಿಯಕೂಡದು.

ಫರ್ಗ್ಯೂಸನ್ ತಮ್ಮ ಟ್ರ್ಯಾಕ್ಟರು ಮತ್ತು ನೇಗಿಲುಗಳ ಬಹುತೇಕ ಹೊಂದಾಣಿಕೆಗಳನ್ನು ಒಂದೇ ಸ್ಪ್ಯಾನರಿನಿಂದ ಮಾಡಬಹುದಾದಂತೆ ರೂಪಿಸಿದ್ದರು. ಆ ಸ್ಪ್ಯಾನರಿನ ಉದ್ದೇಶ ಸ್ಪಷ್ಟವಾಗಿದೆ: ರೈತನು ಹೊಲದಲ್ಲಿಯೇ ನಿಂತು, ಯಾರಿಗೂ ಕಾಯದೆ, ತನ್ನ ಮಣ್ಣಿಗೆ ತಕ್ಕಂತೆ ತಾನೇ ಯಂತ್ರವನ್ನು ಹದಗೊಳಿಸಬೇಕು. ಮಿಣಿಯ ಕಚ್ಚು ಬಲ್ಲವರ ಮಕ್ಕಳು, ಮೊಮ್ಮಕ್ಕಳು ನೀವು. ಮುಂದಿನ ಮಳೆಗೆ ಮೊದಲು ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು, ಸಮತಟ್ಟಾದ ಜಾಗದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ, ಈ ಆರು ಸಂಗತಿಗಳನ್ನು ಒಂದೊಂದಾಗಿ ನೋಡಿಕೊಳ್ಳಿ. ಸಂದೇಹವಿದ್ದವರು ಬರೆಯಿರಿ, ತಿಳಿದಷ್ಟನ್ನು ಖಂಡಿತ ಹೇಳುತ್ತೇನೆ. ಎಲ್ಲರಿಗೂ ಶುಭವಾಗಲಿ.